ಅವನು ಲೋಟ ನೆಲಕ್ಕಿಟ್ಟು ಹಿಂದೆ ಸರಿದ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ 29 ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳ ನಮಸ್ಕಾರಗಳು. ಗೌರವಧನದ ಬಗ್ಗೆ, ಗ್ರಾಚ್ಯುಟಿಯ ಬಗ್ಗೆ ನಮ್ಮ ಸಂಘದವರು ತಮಗೆ ಬರೆಯುತ್ತಲೇ ಇದ್ದಾರೆ, ಆ ಮಾತು ಅವರು ಆಡಲಿ. ನನಗೆ ಹೇಳಬೇಕಿರುವುದು ಒಂದು ನೀರಿನ ಲೋಟದ ವಿಷಯ.

ನಾಲ್ಕು ವರ್ಷದ ಹುಡುಗಿ. ಮಧ್ಯಾಹ್ನದ ಊಟ ಮುಗಿಸಿ ಮಕ್ಕಳೆಲ್ಲ ಕೊಡದ ಹತ್ತಿರ ಸಾಲು ನಿಂತಿದ್ದರು. ಮುಂದಿದ್ದ ಹುಡುಗ ನೀರು ಕುಡಿದು ಲೋಟವನ್ನು ಅವಳ ಕಡೆ ಚಾಚಿದ. ಅವಳು ಕೈ ನೀಡಲಿಲ್ಲ. "ಅಕ್ಕೋರೆ, ತೊಳದ ಕೊಡ್ರಿ. ಅವ ಮುಟ್ಯಾನ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅನ್ನ ಬಿಸಿಯಿದೆ, ಊದಿ ಕೊಡಿ ಅನ್ನುವಷ್ಟು ಸಹಜವಾಗಿತ್ತು ಮಾತು. ಹುಡುಗನೂ ಅಷ್ಟೇ ಸಹಜವಾಗಿ ಲೋಟವನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವಳಿಗೆ ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು, ಅವರ ಮನೆಯ ಕಟ್ಟೆಯ ಮೇಲೆ ನಾನೂ ಕೂತು ಬಂದವಳು. ಆದರೆ ಇವನಿಗೆ, ಇನ್ನೂ ಗುಂಡಿ ಹಾಕಿಕೊಳ್ಳಲು ಬಾರದವನಿಗೆ, ಹಿಂದೆ ಸರಿಯಬೇಕೆಂದು ಯಾವಾಗ ತಿಳಿಯಿತು?

ನಾನು ಏನು ಮಾಡಿದೆ ಎಂದು ತಾವು ಕೇಳಬಹುದು. ಲೋಟ ತೊಳೆದು ಅವಳಿಗೆ ಕೊಟ್ಟೆ.

ಹೆದರಿಕೆಯಿಂದಲ್ಲ ಸಚಿವರೇ, ನನ್ನ ಬಾಯಿಗೆ ಮಾತು ಬರಲಿಲ್ಲ. ಮಗುವಿನ ತೂಕ ಇಳಿದರೆ ಏನು ಮಾಡಬೇಕು, ಚುಚ್ಚುಮದ್ದು ತಪ್ಪಿದರೆ ಯಾರಿಗೆ ತಿಳಿಸಬೇಕು, ಬಣ್ಣ ಮತ್ತು ಆಕಾರ ಹೇಗೆ ಕಲಿಸಬೇಕು ಎಂದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾಲ್ಕು ವರ್ಷದ ಮಗು "ಅವ ಮುಟ್ಯಾನ" ಅಂದಾಗ ಅದರ ಮುಂದೆ ಕೂತು ಏನು ಹೇಳಬೇಕೆಂದು ನಾನು ಹೋದ ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ. ಈ ಪತ್ರದ ಬೇಡಿಕೆ ಇಷ್ಟೇ: ಆ ಮಾತನ್ನು ನಮ್ಮ ಕಾರ್ಯಕರ್ತೆಯರಿಗೆ ಕಲಿಸಿ.

ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ, ಅವು ದೇವರಂಥವು ಅನ್ನುವವರು ಬಹಳ ಮಂದಿ. ನಾನೂ ಹಾಗೇ ಅಂದುಕೊಂಡಿದ್ದೆ. ಬಿ.ಇಡಿ ಓದುತ್ತಿದ್ದ ಮಗಳು ಒಂದು ಸಲ ಊರಿಗೆ ಬಂದಾಗ ಅಮೆರಿಕದ ಒಂದು ಪ್ರಯೋಗದ ಬಗ್ಗೆ ಹೇಳಿದಳು. 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನೋವಿಜ್ಞಾನಿ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಎಂದು ಕೇಳಿದರಂತೆ. ಹೆಚ್ಚಿನ ಮಕ್ಕಳು ಬಿಳಿಯದೇ ಚೆಂದ ಅಂದವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಣ್ಣದ ಮೇಲೆ ಶಾಲೆ ಬೇರೆ ಮಾಡುವುದು ತಪ್ಪೆಂದು ತೀರ್ಪು ಕೊಟ್ಟಾಗ ಕೆನೆತ್ ಕ್ಲಾರ್ಕ್ ಅವರ ಬರಹವನ್ನೂ ಉಲ್ಲೇಖಿಸಿತು. ಮಗಳು ಹೇಳುತ್ತಿದ್ದಾಗ ನನ್ನ ಕಣ್ಣ ಮುಂದಿದ್ದದ್ದು ನನ್ನ ಕೇಂದ್ರದ ಆಟಿಕೆ ಪೆಟ್ಟಿಗೆ. ಅದರಲ್ಲಿದ್ದ ಪ್ಲಾಸ್ಟಿಕ್ ಗೊಂಬೆಗಳೆಲ್ಲ ಬೆಳ್ಳಗಿದ್ದವು, ಕೂದಲು ಹೊಂಬಣ್ಣ. ಬಾಲಮೇಳದಲ್ಲಿ ವರ್ಷಾ ವರ್ಷಾ ರಾಣಿಯ ವೇಷವನ್ನು ನಾನು ಯಾರಿಗೆ ಹಾಕುತ್ತಿದ್ದೆ ಎಂಬುದೂ ನೆನಪಾಯಿತು. ಬೆಳ್ಳಗಿದ್ದವಳಿಗೆ. ಯಾರೂ ಹೇಳದೆ ನಾನೇ ಮಾಡಿದ್ದು.

ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ನಡೆದದ್ದು ತಮಗೆ ನೆನಪಿರಬಹುದು. ಎರಡು ವರ್ಷದ ದಲಿತ ಕೂಸು ಅಪ್ಪನ ಪಕ್ಕದಿಂದ ಓಡಿ ಹನುಮಂತನ ಗುಡಿಯೊಳಗೆ ಹೋಗಿದ್ದಕ್ಕೆ, ಗುಡಿ ಶುದ್ಧ ಮಾಡಬೇಕೆಂದು ಆ ಕುಟುಂಬಕ್ಕೆ 25 ಸಾವಿರ ರೂಪಾಯಿ ದಂಡ ಹಾಕಿದರು. ಪೊಲೀಸರು ಬಂದರು, ಬಂಧನವೂ ಆಯಿತು. ಕಾನೂನು ದೊಡ್ಡವರ ಕೈ ತಡೆಯಬಲ್ಲದು. ಅದೇ ಗುಡಿಯ ಮುಂದೆ ಆಡುವ ಉಳಿದ ಮಕ್ಕಳು ಆ ದಿನ ಏನು ಕಲಿತವು? ಅವುಗಳ ಜೊತೆ ಮರುದಿನ ಬೆಳಿಗ್ಗೆ ಚಾಪೆಯ ಮೇಲೆ ಕೂತು ಮಾತಾಡಬೇಕಾದವಳು ನಮ್ಮಂಥ ಟೀಚರ್ ಒಬ್ಬಳೇ.

ಅಂಗನವಾಡಿ ಅನ್ನುವ ಹೆಸರು ಬಂದದ್ದೇ ಇಂಥ ಕಾರಣಕ್ಕೆ. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ಶಿಶುಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಬಾಲವಾಡಿ ತೆರೆದಾಗ ದಲಿತ ಕೇರಿಯ ಮಕ್ಕಳು ಬರಲಿಲ್ಲ. ಅವರು ಮತ್ತು ಅವರ ಜೊತೆಗಾರ್ತಿ ಅನುತಾಯಿ ವಾಘ್ ಆಟಿಕೆ ಹೊತ್ತುಕೊಂಡು ಕೇರಿಯ ಅಂಗಳಕ್ಕೇ ಹೋದರು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಎಷ್ಟು ಕೇಂದ್ರಗಳು ಕೇರಿಯ ಮಗು ಅಂಜದೆ ನಡೆದು ಬರಬಲ್ಲ ಜಾಗದಲ್ಲಿವೆ ಎಂದು ಒಮ್ಮೆ ಎಣಿಸಿ ನೋಡಿ. ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿನಲ್ಲಿ ಮಗುವಿನ ಎತ್ತರ, ತೂಕ, ಹಾಜರಿ ಎಲ್ಲವನ್ನೂ ತುಂಬುತ್ತೇವೆ. ಯಾವ ಓಣಿಯ ಮಗು ಬಂದು ಗೋಡೆಗೆ ಆತು ಕೂತಿದೆ ಎಂಬುದು ಅದರಲ್ಲಿ ಬರುವುದಿಲ್ಲ.

ಜಾತಿ ಒಂದೇ ಅಲ್ಲ. ನಮ್ಮ ಕೇಂದ್ರಕ್ಕೆ ತಾಂಡಾದ ಐದು ಮಕ್ಕಳು ಬರುತ್ತಿದ್ದರು. ಅದರಲ್ಲಿ ಒಬ್ಬಳು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಮೂಗಿ ಎಂದೇ ಉಳಿದ ಮಕ್ಕಳು ಕರೆಯತೊಡಗಿದ್ದರು, ತಡೆಯಬೇಕೆಂದು ನನಗೂ ಹೊಳೆದಿರಲಿಲ್ಲ. ಒಂದು ದಿನ ಅವಳ ಅಜ್ಜಿಯಿಂದ ಕಲಿತ ನಾಲ್ಕು ಲಂಬಾಣಿ ಮಾತುಗಳನ್ನು ಎಲ್ಲ ಮಕ್ಕಳಿಗೂ ಹೇಳಿಕೊಟ್ಟೆ. ಯಾಡಿ ಅಂದರೆ ಅವ್ವ, ಪಾಣಿ ಅಂದರೆ ನೀರು. ನಾನು ಉಚ್ಚರಿಸಿದ್ದು ತಪ್ಪೆಂದು ಅವಳು ನಕ್ಕು ತಿದ್ದಿದಳು. ಅದೇ ಅವಳ ಮೊದಲ ಮಾತು. ಆಮೇಲೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. 2020ರ ಶಿಕ್ಷಣ ನೀತಿ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಅದಕ್ಕೆ ದೊಡ್ಡ ಪಠ್ಯಪುಸ್ತಕವೇ ಬೇಕೆಂದಿಲ್ಲ, ಯಲ್ಲಾಪುರದ ಸಿದ್ದಿ ಮಗುವಿಗೆ, ಹುಣಸೂರಿನ ಜೇನುಕುರುಬ ಹಾಡಿಯ ಮಗುವಿಗೆ, ಪಟ್ಟಣದ ಉರ್ದು ಮಾತಾಡುವ ಮಗುವಿಗೆ ಅವರವರ ಹತ್ತು ಹಾಡು, ಐವತ್ತು ಮಾತು ಬಲ್ಲ ಒಬ್ಬ ಟೀಚರ್ ಸಿಕ್ಕರೂ ಸಾಕು.

ಗೋಡೆಯ ಚಾರ್ಟಿನ ಮಾತೂ ಹೇಳಬೇಕು. "ನಮ್ಮ ಕುಟುಂಬ" ಚಾರ್ಟಿನಲ್ಲಿ ಅಪ್ಪ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾನೆ, ಅವ್ವ ಒಲೆಯ ಮುಂದೆ. ನನ್ನ ಮಕ್ಕಳಲ್ಲಿ ಅಪ್ಪ ಅವ್ವ ಇಬ್ಬರೂ ಗುಳೆ ಹೋಗಿ ಅಜ್ಜಿಯ ಹತ್ತಿರ ಬೆಳೆಯುವವರಿದ್ದರು. ದೇವದಾಸಿ ಮಾಡಲ್ಪಟ್ಟ ತಾಯಿಯ ಮಕ್ಕಳಿದ್ದರು. ಆ ಚಾರ್ಟ್ ತೋರಿಸಿ "ನಿಮ್ಮಪ್ಪ ಏನ್ ಮಾಡ್ತಾರ?" ಎಂದು ಎಲ್ಲರನ್ನೂ ಕೇಳುತ್ತಿದ್ದ ನಾನು, ಆ ಮಕ್ಕಳು ತಲೆ ತಗ್ಗಿಸಿದ್ದನ್ನು ಎಷ್ಟೋ ವರ್ಷ ನೋಡಲೇ ಇಲ್ಲ. ಕೊನೆಗೆ ಚಾರ್ಟ್ ಕಳಚಿಟ್ಟು, ನಿಮ್ಮ ಮನ್ಯಾಗ ಯಾರ್ಯಾರ ಅದಾರೋ ಅವರ ಚಿತ್ರ ಬರೀರಿ ಅಂದೆ. ಒಬ್ಬ ಹುಡುಗ ಅಜ್ಜಿ, ತಮ್ಮ ಮತ್ತು ಮೂರು ಆಡು ಬರೆದ.

ಇನ್ನು ಲೋಟ. ಎಷ್ಟೋ ದಿನ ತಲೆಕೆಡಿಸಿಕೊಂಡು ಒಂದು ನಿಯಮ ಮಾಡಿದೆ. ಯಾರು ಕುಡಿದರೂ ಲೋಟ ತೊಳೆಯಬೇಕು, ನಾನು ಕುಡಿದರೂ. ತೊಳೆಯುವುದು, ತಟ್ಟೆ ಹಂಚುವುದು ದಿನಕ್ಕಿಬ್ಬರಂತೆ ಎಲ್ಲ ಮಕ್ಕಳ ಸರದಿ. ಮೂರನೇ ದಿನಕ್ಕೇ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು "ನಮ್ಮ ಮೊಮ್ಮಗಗ ಅವ ಕೊಟ್ಟ ತಟ್ಟ್ಯಾಗ ಉಣ್ಣಸ್ತಿ ಏನ?" ಎಂದು ಕೂಗಾಡಿದರು. ಆರು ಮಕ್ಕಳು ಬರುವುದು ನಿಂತಿತು. ಕೇಂದ್ರದ ಉಸ್ತುವಾರಿಗೆಂದು ಊರವರೇ ಇರುವ ಬಾಲವಿಕಾಸ ಸಮಿತಿಯಲ್ಲಿ ಯಾರೂ ನನ್ನ ಪರ ಮಾತಾಡಲಿಲ್ಲ. ಮೇಲಿನಿಂದ ಬಂದ ಮಾತು, "ಯಾಕ ಬೇಕಿತ್ತು ಇದೆಲ್ಲ, ಹಾಜರಿ ಇಳಿದದ್ದಕ್ಕ ಉತ್ತರ ಕೊಡೋರು ಯಾರು?" ಮೂರು ವಾರದ ಮೇಲೆ ನಾಲ್ಕು ಮಕ್ಕಳು ತಾವೇ ಹಟ ಮಾಡಿ ವಾಪಸು ಬಂದರು, ಆಟ ತಪ್ಪುತ್ತಿತ್ತಲ್ಲ. ಇಬ್ಬರು ಕಾನ್ವೆಂಟಿನ ವ್ಯಾನ್ ಹತ್ತಿದರು.

ಅದಕ್ಕೇ ನನ್ನ ಮನವಿ, ಇದನ್ನು ಒಬ್ಬೊಬ್ಬ ಟೀಚರಿನ ಧೈರ್ಯಕ್ಕೆ ಬಿಡಬೇಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, 45ನೇ ವಿಧಿ ಆರು ವರ್ಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಹೊಣೆಯನ್ನು ಸರ್ಕಾರಕ್ಕೆ ಕೊಟ್ಟಿದೆ. ಈ ಎರಡೂ ಕೂಡುವ ಜಾಗ ನಮ್ಮ ಚಾಪೆ. ಊಟದ ಸರದಿಯ ನಿಯಮ ಇಲಾಖೆಯ ಸುತ್ತೋಲೆಯಾಗಿ ಬಂದರೆ ಬಾಗಿಲಲ್ಲಿ ನಿಂತ ಅಜ್ಜಿಗೆ ತೋರಿಸಲು ಟೀಚರಿನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಕೇಂದ್ರದಲ್ಲಿ ಅಡುಗೆ ಮಾಡುವ ಸಹಾಯಕಿ ದಲಿತಳೆಂದು ಊರು ಮಕ್ಕಳನ್ನು ಬಿಡಿಸಿದರೆ ಇಲಾಖೆ ಆಕೆಯ ಹಿಂದೆ ನಿಲ್ಲಬೇಕು, ಆ ಹಾಜರಿಯ ಲೆಕ್ಕವನ್ನು ಟೀಚರಿನ ತಲೆಗೆ ಕಟ್ಟಬಾರದು. ಕಾರ್ಯಕರ್ತೆಯರಿಗೆ ಕೊಡುವ "ಪೋಷಣ್ ಭಿ ಪಢಾಯಿ ಭಿ" (ಪೋಷಣೆಯೂ ಕಲಿಕೆಯೂ) ತರಬೇತಿ ಮೂರು ದಿನದ್ದು. ಅದಕ್ಕೆ ಇದಕ್ಕಾಗಿಯೇ ಒಂದು ದಿನ ಸೇರಿಸಿ. ಗೊಂಬೆಗಳನ್ನು ಕಿನ್ನಾಳದಲ್ಲಿ, ಚನ್ನಪಟ್ಟಣದಲ್ಲಿ ಮಾಡಿಸಿ. ನಮ್ಮ ಮಕ್ಕಳ ಮೈಬಣ್ಣದವು ಇರಲಿ, ತಾಂಡಾದ ಉಡುಗೆಯವು ಇರಲಿ, ಊರುಗೋಲು ಹಿಡಿದ ಒಂದು ಗೊಂಬೆಯೂ ಇರಲಿ. ಕಿನ್ನಾಳದ ಕುಶಲಕರ್ಮಿಗಳ ಕೈಗೆ ಅದೇನೂ ಭಾರವಲ್ಲ.

ಆ ತರಬೇತಿಯ ದಿನಕ್ಕೆ ಕರೆದರೆ ಯಾವ ತಾಲ್ಲೂಕಿಗಾದರೂ ಬರುತ್ತೇನೆ. ಕೊಡ, ಲೋಟ ಮುಂದಿಟ್ಟು, ಆ ಹುಡುಗಿ ಅಂದದ್ದನ್ನು ಅಂದು ತೋರಿಸಿ, ಈಗ ನೀವು ಏನು ಹೇಳುತ್ತೀರಿ ಎಂದು ಅಲ್ಲಿ ಕೂತ ಒಬ್ಬೊಬ್ಬರನ್ನೂ ಕೇಳುತ್ತೇನೆ. ಹುಡುಗಿಗೆ ಹೇಳುವುದಾದ ಮೇಲೆ, ಹಿಂದೆ ಸರಿದು ನಿಂತ ಆ ಹುಡುಗನಿಗೆ ಏನು ಹೇಳುತ್ತೀರಿ ಎಂದೂ ಕೇಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಕೊಪ್ಪಳ ಜಿಲ್ಲೆ