ಮಗಳಿಗೊಂದು ಪತ್ರ: ಹದಿನೆಂಟು ದನಗಳ ಹಾಲು

ಪ್ರೀತಿಯ ಕೂಸೇ,

ನಿನ್ನೆ ಫೋನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ನಿನ್ನ ಲ್ಯಾಬಿನವರು ಇಸ್ರೇಲಿನ ಒಂದು ವಿಶ್ವವಿದ್ಯಾಲಯದ ಸಮ್ಮೇಳನಕ್ಕೆ ಹೊರಟಿದ್ದಾರೆ, ನಾನು ಹೋಗಲಾ ಬೇಡವಾ ಅಂದೆ. ಬಹಿಷ್ಕಾರ ಅನ್ನೋ ಮಾತು ನಿನ್ನ ಬಾಯಲ್ಲಿ ಬಂದ ಕೂಡಲೇ ನಾನು ಸುಮ್ಮನಾಗಿಬಿಟ್ಟೆ. ನಮ್ಮ ಕಡೆ ಆ ಶಬ್ದ ಕೆಟ್ಟದ್ದು. ಊರವರು ಒಂದು ಬಡ ಮನೆಗೆ ಬಹಿಷ್ಕಾರ ಹಾಕಿದರೆ ಅವರಿಗೆ ಬಾವಿ ನೀರಿಲ್ಲ, ಅಂಗಡಿ ಸಾಮಾನಿಲ್ಲ, ಮದುವೆಗೆ ಕರೆಯೋರಿಲ್ಲ. ಅಲ್ಲಿ ಬಲ ಇದ್ದವರ ಕೈಯೇ ಮೇಲೆ. ಇಸ್ರೇಲಿಗೆ ಬಹಿಷ್ಕಾರ ಹಾಕಿ ಅಂತ ಪ್ಯಾಲೆಸ್ತೀನಿನವರು ಕೇಳ್ತಿರೋದರಲ್ಲಿ ಬಲ ಇಲ್ಲದವರು ಬಲ ಇದ್ದವರಿಗೆ ‘ನಿಮ್ಮದು ನಮಗೆ ಬೇಡ’ ಅಂತಿದ್ದಾರೆ. ರಾತ್ರಿಯೆಲ್ಲ ಯೋಚಿಸಿದ ಮೇಲೆ ನನಗೆ ಈ ವ್ಯತ್ಯಾಸ ಹೊಳೆಯಿತು.

ಬೆತ್ಲೆಹೆಮ್ ಪಕ್ಕದಲ್ಲಿ ಬೇತ್ ಸಾಹೂರ್ ಅಂತ ಒಂದು ಊರಿದೆ. ಕ್ರಿಶ್ಚಿಯನ್ನರೇ ಜಾಸ್ತಿ. 1988ರಲ್ಲಿ, ಇಸ್ರೇಲಿ ಸೈನ್ಯದ ಆಳ್ವಿಕೆ ವಿರುದ್ಧ ಪ್ಯಾಲೆಸ್ತೀನಿನವರು ದಂಗೆಯೆದ್ದ ಮೊದಲ ಇಂತಿಫಾದಾ ಹೊತ್ತಿಗೆ, ಇಸ್ರೇಲಿ ಹಾಲು ಕೊಳ್ಳೋದು ಬೇಡ ಅಂತ ಊರಿನವರು 18 ದನ ತಂದರು. ಹಾಲು ಕರೆಯೋಕೆ ಬಾರದ ಜನ, ಕಲಿತರು. ಸೈನ್ಯದವರು ಬಂದು ದನಗಳ ಫೋಟೋ ತೆಗೆದರು. ಇವು ದೇಶದ ಭದ್ರತೆಗೆ ಅಪಾಯ, 24 ಗಂಟೆಯೊಳಗೆ ಸಾಗಹಾಕಿ ಅಂದರು. ಊರವರು ದನಗಳನ್ನು ಬಚ್ಚಿಟ್ಟರು, ಹಾಲನ್ನು ಗುಟ್ಟಾಗಿ ಮನೆಮನೆಗೆ ಹಂಚಿದರು. ನಮ್ಮ ಕೊಟ್ಟಿಗೆ ನೆನಪು ಮಾಡಿಕೋ. ಕರೆಯೋದು ಸ್ವಲ್ಪ ತಡವಾದರೆ ಗೌರಿ ಕೆಚ್ಚಲು ಬಿಗಿದು ಹೇಗೆ ಕೂಗುತ್ತಾಳೆ! ಅಂಥ 18 ದನಗಳನ್ನು ಸೈನಿಕರ ಕಿವಿಗೆ ಬೀಳದ ಹಾಗೆ ಇಟ್ಟುಕೊಂಡಿದ್ದರಲ್ಲ.

ಆಮೇಲೆ ಅವರು ಇಸ್ರೇಲಿಗೆ ತೆರಿಗೆಯನ್ನೂ ಕಟ್ಟಲಿಲ್ಲ. 1989ರ ಸೆಪ್ಟೆಂಬರಿನಲ್ಲಿ ಸೈನ್ಯ ಊರಿಗೇ ಮುತ್ತಿಗೆ ಹಾಕಿತು. ಸುಮಾರು ಆರು ವಾರ. ಫ್ರಿಜ್ಜು, ಟಿವಿ, ಅಂಗಡಿಯ ಸರಕು, ಯಂತ್ರಗಳು ಎಲ್ಲ ಜಪ್ತಿ. ಅವನ್ನು ವಾಪಸ್ ಕೊಡಬೇಕು ಅನ್ನೋ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದಾಗ ಅಮೆರಿಕ ವೀಟೋ ಹಾಕಿತು.

ಜಪ್ತಿ ಅಂದರೆ ನನಗೆ ಮಾವಿನಗುಂಡಿ ನೆನಪಾಗುತ್ತೆ. ಆ ಸ್ಮಾರಕದ ಹತ್ತಿರ ನಿನ್ನನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೆ, ಅಲ್ವಾ? ಬ್ರಿಟಿಷರ ಕಾಲದ ಕರನಿರಾಕರಣೆಯಲ್ಲಿ ನಮ್ಮ ಸಿದ್ದಾಪುರದ ರೈತರ ತೋಟ, ಗದ್ದೆ ಹರಾಜಾದಾಗ, ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಬೈಯಲಿಲ್ಲ, ಹೊಡೆಯಲಿಲ್ಲ. ಬೇತ್ ಸಾಹೂರಿನವರು ನನಗೆ ಪರಕೀಯರು ಅನ್ನಿಸೋದೇ ಇಲ್ಲ.

2005ರ ಜುಲೈ 9ರಂದು 170ಕ್ಕೂ ಜಾಸ್ತಿ ಪ್ಯಾಲೆಸ್ತೀನಿ ಸಂಘಟನೆಗಳು ಸೇರಿ ಜಗತ್ತಿಗೆ ಬಹಿಷ್ಕಾರದ ಕರೆ ಕೊಟ್ಟವು. 1967ರಲ್ಲಿ ಹಿಡಿದ ನೆಲ ಬಿಡಿ, ಪಶ್ಚಿಮ ದಂಡೆಯಲ್ಲಿ ಕಟ್ಟಿದ ಗೋಡೆ ಕೆಡವಿ. ಇಸ್ರೇಲಿನೊಳಗಿನ ಅರಬ್ ಪ್ರಜೆಗಳಿಗೆ ಪೂರ್ತಿ ಸಮಾನತೆ ಕೊಡಿ. ನಿರಾಶ್ರಿತರಿಗೆ ಮರಳಿ ಬರುವ ಹಕ್ಕು ಕೊಡಿ. ಇಷ್ಟೇ ಅವರು ಕೇಳಿದ್ದು. 2023ರ ಅಕ್ಟೋಬರ್ 7ರಂದು ಹಮಾಸ್ ಕೊಂದ ಜನರಿಗಾಗಿಯೂ ನಾನು ಅತ್ತಿದ್ದೇನೆ ಕೂಸೇ. ಅದಕ್ಕೇ ಹೇಳ್ತೀನಿ, ಬಂದೂಕಿಲ್ಲದ ಈ ದಾರಿಯನ್ನೂ ಅಪರಾಧ ಅಂದರೆ ಆ ಜನಕ್ಕೆ ಉಳಿಯೋದೇನು?

ವಿದ್ಯೆಗೆ ಬಹಿಷ್ಕಾರ ಹಾಕಬಾರದು ಅಂತ ನಿನ್ನ ಅಪ್ಪಯ್ಯ ಹೇಳ್ತಾರೆ. ಅವರು ಮೇಷ್ಟ್ರಾಗಿದ್ದವರು, ಅವರ ಸಂಕಟ ನನಗೆ ಅರ್ಥವಾಗುತ್ತೆ. ಆದರೆ ಪ್ಯಾಲೆಸ್ತೀನಿನವರದೇ ಆದ ಬೀರ್‌ಜೈತ್ ವಿಶ್ವವಿದ್ಯಾಲಯದ ಬಾಗಿಲನ್ನು 1988ರಿಂದ 1992ರವರೆಗೆ ಇಸ್ರೇಲಿ ಸೈನ್ಯ ಮುಚ್ಚಿಸಿತ್ತು. ಮೇಷ್ಟ್ರುಗಳು ಮನೆಗಳಲ್ಲಿ ಕದ್ದು ಪಾಠ ಮಾಡಬೇಕಾಯಿತು. 2024ರ ಜನವರಿಯಲ್ಲಿ ಗಾಜಾದ ಇಸ್ರಾ ವಿಶ್ವವಿದ್ಯಾಲಯವನ್ನು ಸೈನ್ಯ ಸ್ಫೋಟಿಸಿದ ವಿಡಿಯೋ ಅಪ್ಪಯ್ಯನೂ ನೋಡಿದ್ದಾರೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಈ ಬಹಿಷ್ಕಾರಕ್ಕೆ ಮರ್ಯಾದೆ ಕೊಟ್ಟು 2013ರಲ್ಲಿ ಜೆರುಸಲೇಮಿನ ಸಮ್ಮೇಳನಕ್ಕೆ ಹೋಗಲಿಲ್ಲ. ಅವರಿಗೇನು ವಿದ್ಯೆ ಬೇಡವಾಗಿತ್ತಾ?

ನೀನಿರುವ ಡಬ್ಲಿನ್ನಿನಲ್ಲೇ ಹೆನ್ರಿ ಸ್ಟ್ರೀಟ್ ಇದೆ. ಅಲ್ಲಿನ ಡನ್ಸ್ ಅಂಗಡಿಯಲ್ಲಿ 1984ರಲ್ಲಿ ಮೇರಿ ಮ್ಯಾನಿಂಗ್ ಅನ್ನೋ 21 ವರ್ಷದ ಹುಡುಗಿ, ಕರಿಯರನ್ನು ತುಳಿಯೋ ವರ್ಣಭೇದದ ಸರ್ಕಾರ ಇದ್ದ ದಕ್ಷಿಣ ಆಫ್ರಿಕಾದ ಹಣ್ಣಿಗೆ ಬಿಲ್ ಹಾಕಲ್ಲ ಅಂದಳು. ಕೆಲಸದಿಂದ ಅಮಾನತು ಮಾಡಿದರು. ಜೊತೆಗಿದ್ದವರೂ ಹೊರಬಂದರು. ಹೆಚ್ಚುಕಡಿಮೆ ಮೂರು ವರ್ಷ ಮಳೆ ಚಳಿಯಲ್ಲಿ ಅಂಗಡಿ ಮುಂದೆ ನಿಂತರು. ಕೊನೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರವೇ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ನಿಲ್ಲಿಸಿತು. ನಿನ್ನ ವಯಸ್ಸಿನವಳು. ಅವಳಮ್ಮನ ಎದೆ ಎಷ್ಟು ಹೊಡೆದುಕೊಂಡಿರಬೇಡ. ನನಗೂ ನಿನ್ನ ವೀಸಾ, ನಿನ್ನ ಗೈಡ್, ನಿನ್ನ ಸ್ಕಾಲರ್‌ಶಿಪ್ಪಿನದೇ ಚಿಂತೆ. ಆದರೂ ಹೋಗು ಅಂತ ನಾನು ಹೇಳಲಾರೆ.

ಬೇಡ ಅಂತ ನಿರ್ಧರಿಸಿದರೆ ಹುಷಾರಿಲ್ಲ, ಪುರುಸೊತ್ತಿಲ್ಲ ಅಂತ ನೆಪ ಹೇಳಬೇಡ. ಕಾರಣ ಬರೆದೇ ಕಳಿಸು. ಆ ವಿಶ್ವವಿದ್ಯಾಲಯಕ್ಕೆ ಬರಿ. ಸಂಸ್ಥೆಗಳಿಗೆ ಮಾತ್ರ ಬಹಿಷ್ಕಾರ, ಹುಟ್ಟಿದ ದೇಶ ನೋಡಿ ಮನುಷ್ಯರನ್ನು ದೂರ ಮಾಡಬೇಡಿ ಅಂತ ಕರೆ ಕೊಟ್ಟವರೇ ಹೇಳಿದ್ದಾರೆ. ನಿನ್ನ ಪಕ್ಕದ ಮೇಜಿನ ಆ ಇಸ್ರೇಲಿ ಹುಡುಗಿ ನಿನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟವಳು. ಅವಳು ಬೇರೆಯವರ ಬಾಯಿಂದ ಈ ವಿಷಯ ಕೇಳಬಾರದು. ಒಂದು ಸಂಜೆ ಅವಳ ಜೊತೆ ಕೂತು ಮಾತಾಡು, ಅವಳು ಹೇಳೋದನ್ನೂ ಕೇಳು. ಮೇಲ್ ಮಾರನೇ ದಿನ ಕಳಿಸಿದರಾಯಿತು.

ನಿನ್ನ
ಆಯಿ