ಕೊನೆಗೂ ಹಬೆ ಏರಿತು

ಹೋದ ಭಾನುವಾರ ಚಿಂತಾಮಣಿಯ ನಮ್ಮ ಶೆಡ್ಡಿನ ಹಿಂದೆ, 40 ಅಡಿ ಹಳಿಯ ಮೇಲೆ ನಮ್ಮ ಪುಟ್ಟ ಹಬೆ ಇಂಜಿನ್ ತಾನಾಗಿಯೇ ಓಡಿತು. ಮೊಣಕಾಲೆತ್ತರದ್ದು, ಆರು ವರ್ಷದ ಕೆಲಸ. ಹೋಗಿ ಬಂದಿದ್ದು ಮೂರೇ ಸಲ. ಆದರೂ ಅವತ್ತು ಬಂದವರಿಗೂ ಬರಲಾಗದವರಿಗೂ ನಾಲ್ಕು ಮಾತು ಹೇಳಲೇಬೇಕು.

ಹಳಬರೆಲ್ಲ ಇದನ್ನು ನಮ್ಮ ಕೋಲಾರದ ಸಣ್ಣ ರೈಲು ಅಂದುಕೊಂಡರು. ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಕೋಲಾರಕ್ಕೆ 1913ರಲ್ಲಿ ಶುರುವಾದ, ಎರಡೂವರೆ ಅಡಿ ಅಗಲದ ಹಳಿಯ ರೈಲು. ಅಲ್ಲ, ಇದು ಇಂಡೋನೇಷ್ಯಾದ ಜಾವಾ ದ್ವೀಪದ ಸಕ್ಕರೆ ಕಾರ್ಖಾನೆಯ ಇಂಜಿನ್ನಿನ ಮಾದರಿ. ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿಯದ್ದು. ಡಚ್ಚರ ಕಾಲದಲ್ಲಿ ಅಲ್ಲಿಗೆ ಹೋದ ಇಂಥ ಇಂಜಿನ್‌ಗಳು ಸಿಟುಬೊಂಡೊ ಕಡೆಯ ಓಲಿಯನ್ ಕಾರ್ಖಾನೆಯಲ್ಲಿ 2000ನೇ ಇಸವಿ ದಾಟಿದ ಮೇಲೂ ಕಬ್ಬಿನ ಗಾಡಿ ಎಳೆಯುತ್ತಿದ್ದವು. ಅಲ್ಲಿನ ಹಳಿ 700 ಮಿಲಿಮೀಟರ್ ಅಗಲ, ಕೋಲಾರದ್ದಕ್ಕಿಂತ ಮೂರ್ನಾಲ್ಕು ಬೆರಳು ಕಿರಿದು. ಡೀಸೆಲ್‌ಗೆ ದುಡ್ಡು ಸುರಿಯಬೇಕು, ಹಬೆ ಇಂಜಿನ್ನಿಗೆ ಉರಿಸೋಕೆ ಅರೆದ ಕಬ್ಬಿನ ಸಿಪ್ಪೆ ಕಾರ್ಖಾನೆಯಲ್ಲೇ ಬಿದ್ದಿರುತ್ತೆ. ಅದಕ್ಕೇ ಅಷ್ಟು ಕಾಲ ಬಾಳಿದವು.

ಹಾಗಾಗಿ ನಂದೂ ಸಿಪ್ಪೆಯಲ್ಲೇ ಓಡಬೇಕು ಅಂತ ಹಠ. ಕಲ್ಲಿದ್ದಲು ಹಾಕು ಮಾರಾಯ ಅಂತ ಎಷ್ಟು ಜನ ಹೇಳಿದರೋ!

ಮೊದಲ ಬಾಯ್ಲರ್ ಬೆಸುಗೆಯಲ್ಲೇ ಸೋರಿತು. ತಪ್ಪು ನಂದೇ. ಎರಡನೆಯದಕ್ಕೆ ರಾತ್ರಿ ಹನ್ನೊಂದರವರೆಗೆ ಜೊತೆ ಕೂತಿದ್ದ ಲೇತ್ ಅಂಗಡಿಯ ಗೆಳೆಯನಿಗೆ ಥ್ಯಾಂಕ್ಸ್ ಅಂದರೆ ಬೈತಾನೆ, ಇಲ್ಲಿ ಬರೆದುಬಿಡ್ತೀನಿ. ಓಡಿಸೋದು 80 ಪೌಂಡ್ ಒತ್ತಡದಲ್ಲಿ. ಬೆಂಕಿ ಹಾಕುವ ಮೊದಲು ನೀರು ತುಂಬಿ 160ಕ್ಕೆ ಏರಿಸಿ ನೋಡಿದೆವು. ಅರ್ಧ ಗಂಟೆ ಒತ್ತಡ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ನಾವೂ ಅಲ್ಲಾಡಲಿಲ್ಲ.

ಆಮೇಲೆ ಬಂತು ನಿಜವಾದ ಫಜೀತಿ. ಬಸ್ ಸ್ಟ್ಯಾಂಡ್ ಹತ್ತಿರ ಕಬ್ಬಿನ ಹಾಲು ಮಾರುವ ಹುಡುಗ ಕಾಸು ಮುಟ್ಟದೆ ಮೂಟೆಗಟ್ಟಲೆ ಸಿಪ್ಪೆ ಕೊಟ್ಟ. ಆದರೆ ಎಷ್ಟು ತುರುಕಿದರೂ ಮುಳ್ಳು 30 ದಾಟಲಿಲ್ಲ. ಬರೀ ಹೊಗೆ. ಎರಡು ತಿಂಗಳು ಹಾಗೇ ಕಳೆಯಿತು. ಇಂಜಿನ್ನಿಗೆ ಬಟ್ಟೆ ಮುಚ್ಚಿ ಶೆಡ್ಡಿಗೆ ಹೋಗೋದೇ ಬಿಟ್ಟಿದ್ದೆ.

ಅಷ್ಟರಲ್ಲಿ ಮಂಡ್ಯದಿಂದ ದೊಡ್ಡಮ್ಮ ಬಂದರು. ಮದುವೆಗೆ ಮುಂಚೆ ಆಲೆಮನೆಯಲ್ಲಿ ಒಲೆ ನೋಡಿಕೊಂಡಿದ್ದವರು. ಮೂಟೆಗೆ ಕೈ ಹಾಕಿದವರೇ, "ಹಸೀದು ತುರುಕ್ತಿದ್ದೀಯಲ್ಲೋ" ಅಂದರು. ನಾಲ್ಕು ದಿನ ತಾರಸಿ ಮೇಲೆ ಹರಡಿಸಿದರು. ಮುರಿದರೆ ಪಟಪಟ ಅನ್ನಬೇಕಂತೆ. ಭಾನುವಾರ ಮಣೆ ಹಾಕಿಕೊಂಡು ಬೆಂಕಿಬಾಯಿಯ ಮುಂದೆ ಅವರೇ ಕೂತರು. ಒಂದು ಹಿಡಿ ಉದುರಿಸಿ ಹಾಕು, ಬಾಗಿಲು ಮುಚ್ಚು, ಅದು ಕೆಂಪಾಗುವಷ್ಟರಲ್ಲಿ ಇನ್ನೊಂದು ಹಿಡಿ. ಒಣಗಿದ್ದು ಭಗ್ಗನೆ ಹತ್ತಿ ಕ್ಷಣದಲ್ಲಿ ಮುಗಿಯುತ್ತೆ, ಕೈ ಬಿಡೋ ಹಾಗೇ ಇಲ್ಲ. ಜಾವಾದವರು ಇಂಜಿನ್ನಿನ ಹಿಂದೆ ಅಷ್ಟೆತ್ತರ ಹೊರೆ ಯಾಕೆ ಪೇರಿಸಿಕೊಳ್ಳುತ್ತಿದ್ದರು ಅಂತ ಆಗ ಗೊತ್ತಾಯಿತು. 40, 60. 80ಕ್ಕೆ ಸೇಫ್ಟಿ ವಾಲ್ವ್ ಬುಸ್ಸೆಂದಿತು. ದೊಡ್ಡಮ್ಮ ಬೆಚ್ಚಿ ಸೆರಗು ಕೊಡವಿಕೊಂಡರು. ಸೆರಗಿಗೆ ಕಿಡಿ ಹಾರಿ ಎರಡು ತೂತಾಗಿತ್ತು. ಹೊಸ ಸೀರೆ ನನ್ನ ಸಾಲ.

ತಾರಸಿ ಬಿಟ್ಟುಕೊಟ್ಟು, ರಾಗಿಯನ್ನು ಪಕ್ಕದ ಮನೆಯ ತಾರಸಿಯಲ್ಲಿ ಒಣಗಿಸಿದ ಹೆಂಡತಿಗೂ, ಆ ಪಕ್ಕದ ಮನೆಯವರಿಗೂ ಋಣಿ.

ಕಬ್ಬಿನ ಹಾಲಿನ ಹುಡುಗ ಮಾತ್ರ ಇನ್ನೂ ದಿನಾ ಎರಡು ಮೂಟೆ ತಂದಿಡ್ತಿದ್ದಾನೆ. ಬೇಡ ಅನ್ನೋಕೆ ಮನಸ್ಸಾಗಲಿಲ್ಲ. ನೀರೊಲೆ ಇರೋರು ಯಾರಾದರೂ ಬಂದು ಒಯ್ಯಿರಿ.