ಆ ‘ಇಂಟರೆಸ್ಟೆಡ್ ಸರ್’ ಸಾಕು, ಪುಟ್ಟಾ

ಪ್ರೀತಿಯ ಪುಟ್ಟಾ,

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ವರ್ಕ್‌ಶಾಪಿನಿಂದ ಬಂದವನು ಊಟವನ್ನೂ ಬಿಟ್ಟು ಬೇರೆ ಕೆಲಸ ಹುಡುಕಲು ಲಿಂಕ್ಡ್‌ಇನ್ ನೋಡ್ತಾ ಕೂರ್ತೀಯಂತೆ. ಆದರೂ ಎಲ್ಲಿಂದಲೂ ಕರೆ ಬಂದಿಲ್ಲವಂತೆ. ಅದಕ್ಕೇ ನಿನ್ನ ಪ್ರೊಫೈಲ್ ತೆಗೆದು ನೋಡಿದೆ. ಇಪ್ಪತ್ತು ವರ್ಷ ಎಚ್‌ಆರ್‌ನಲ್ಲಿದ್ದವಳು ನಾನು, ನೇರವಾಗಿ ಹೇಳಿದರೆ ಬೇಜಾರು ಮಾಡ್ಕೋಬೇಡ.

ಒಂದೇ ತಿಂಗಳಲ್ಲಿ ಕೆಲಸ ಖಾಲಿ ಇದೆ ಎಂಬ ಒಂಬತ್ತು ಪೋಸ್ಟ್‌ಗಳ ಕೆಳಗೆ ‘ಇಂಟರೆಸ್ಟೆಡ್ ಸರ್’ ಎಂದು ಬರೆದಿದ್ದೀಯ. ಒಂದು ಕಡೆಯಂತೂ ನಿನಗಿಂತ ಮೊದಲೇ ನಾನೂರು ಜನ ಅದನ್ನೇ ಬರೆದಿದ್ದರು. ಸಾಲದ್ದಕ್ಕೆ ಪೋಸ್ಟ್ ಹಾಕಿದ್ದ ಆ ‘ಸರ್’ ಒಬ್ಬ ಹೆಂಗಸು!

ಹೆಸರಿನ ಕೆಳಗೆ ‘ಪ್ಯಾಶನೇಟ್ ಎಂಜಿನಿಯರ್’ ಎಂದಷ್ಟೇ ಇದೆ. ಅಲ್ಲಿ 220 ಅಕ್ಷರಕ್ಕೆ ಜಾಗ ಇದೆ ಮಾರಾಯ. ಯಾವ ಕಂಪನಿಯವರೂ ‘ಪ್ಯಾಶನ್’ ಎಂದು ಟೈಪ್ ಮಾಡಿ ಹುಡುಕುವುದಿಲ್ಲ. ಸಿಎನ್‌ಸಿ, ಸಾಲಿಡ್‌ವರ್ಕ್ಸ್, ಮೇಂಟೆನೆನ್ಸ್ ಎಂದು ಹುಡುಕುತ್ತಾರೆ. ನಿನಗೆ ನಿಜಕ್ಕೂ ಬರುವುದನ್ನು ಹಾಕು.

ಇನ್ನು ಆ ಅಡಿಕೆ ಸುಲಿಯುವ ಯಂತ್ರ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಟ್ರೋಫಿ ಹಿಡಿದು ನಿಂತ ಫೋಟೋ ಹಾಕಿದ್ದೀಯ, ಯಂತ್ರವೇ ಕಾಣುವುದಿಲ್ಲ. ದಸರಾಕ್ಕೆ ಬಂದಾಗ ನಮ್ಮ ಅಡುಗೆಮನೆ ಕಟ್ಟೆ ಮೇಲೆ ಕೂತು ನನಗೆ ಏನು ಹೇಳಿದ್ದೆ, ನೆನಪಿದೆಯಾ? ಅರ್ಧ ಗಂಟೆ ಓಡಿಸಿದರೆ ಬೇರಿಂಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಗ್ರೀಸ್ ಬದಲಾಯಿಸಿದಿರಿ, ಬೇರಿಂಗೇ ಬದಲಾಯಿಸಿದಿರಿ. ಕೊನೆಗೆ ನೋಡಿದರೆ ಬೆಲ್ಟ್ ಅತಿಯಾಗಿ ಬಿಗಿದಿತ್ತು. ನನಗೆ ಯಂತ್ರದ ಗಂಧಗಾಳಿ ಇಲ್ಲ, ಆದರೂ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗದ ಹಾಗೆ ಕೇಳಿಸಿಕೊಂಡೆ. ಅದನ್ನು ಬರಿ. ಆ ಬೇರಿಂಗಿನ ಫೋಟೋ ಇದ್ದರೆ ಹಾಕು. ಇಂಗ್ಲಿಷ್ ತಪ್ಪಾದೀತೆಂದು ಚಾಟ್‌ಜಿಪಿಟಿಗೆ ಪೂರ್ತಿ ಒಪ್ಪಿಸಿಬಿಡಬೇಡ, ಆಮೇಲೆ ಅದು ನೀನು ಬರೆದದ್ದು ಅಂತ ಅನಿಸುವುದೇ ಇಲ್ಲ. ಬೇರೆಯವರ ಪೋಸ್ಟಿಗೂ ಅಷ್ಟೇ. ಪಂಪ್ ಕೆಟ್ಟ ಕಥೆ ಯಾರಾದರೂ ಬರೆದಿದ್ದರೆ, ನಿನ್ನ ಬೆಲ್ಟಿನ ಕಥೆ ಎರಡು ಸಾಲು ಬರೆದು, ಒಂದು ಪ್ರಶ್ನೆ ಕೇಳು.

ಗುರುತಿಲ್ಲದವರ ಜೊತೆ ಮಾತಾಡಿ ಏನು ಪ್ರಯೋಜನ ಅನ್ನಬೇಡ. ನಲವತ್ತಮೂರನೇ ವಯಸ್ಸಿಗೆ ನನ್ನ ಕೆಲಸ ಹೋಯಿತು. ನಾಚಿಕೆಯಾಗಿ ಐದು ತಿಂಗಳು ನಿನ್ನಮ್ಮನಿಗೂ ಹೇಳಲಿಲ್ಲ. ಹತ್ತಿರದವರೆಲ್ಲ ಒಂದೇ ಕಚೇರಿಯವರು, ನನಗೆ ಗೊತ್ತಿದ್ದ ಕಂಪನಿಗಳೇ ಅವರಿಗೂ ಗೊತ್ತಿದ್ದದ್ದು. ಕೊನೆಗೆ ದಾರಿ ತೋರಿಸಿದ್ದು ಯಾವುದೋ ಟ್ರೈನಿಂಗ್‌ನಲ್ಲಿ ಎರಡು ದಿನ ಪಕ್ಕದಲ್ಲಿ ಕೂತಿದ್ದ ಒಬ್ಬರು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವವರು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಜನರ ಲೆಕ್ಕ ನೋಡಿದಾಗಲೂ ಹೆಚ್ಚು ಕಡಿಮೆ ಅದೇ ಕಂಡಿತು. ಒಂದು ವ್ಯತ್ಯಾಸ ಇತ್ತು: ತೀರಾ ದೂರದವರಿಗಿಂತ ನಡುವಿನ ಪರಿಚಯದವರಿಂದ ಜಾಸ್ತಿ ಉಪಯೋಗವಾಗಿತ್ತು.

ನಡುವಿನವರು ಅಂದರೆ ನಿನ್ನ ಕಾಲೇಜಿನ ಸೀನಿಯರ್‌ಗಳು. ಕಾಲೇಜಿನ ಪೇಜ್‌ನಲ್ಲಿ ‘ಅಲುಮ್ನೈ’ ಒತ್ತಿದರೆ ಯಾರು ಎಲ್ಲಿದ್ದಾರೆ ಅಂತ ತೋರಿಸುತ್ತದೆ. ಅವರಿಗೆ ‘ಕೆಲಸ ಕೊಡಿಸಿ ಅಣ್ಣಾ’ ಎಂದು ಬರೆಯಬೇಡ. ಹಾಗೆ ಕೇಳಿದರೆ ಇಲ್ಲ ಅನ್ನಲೂ ಆಗದೆ ಸುಮ್ನಾಗಿಬಿಡುತ್ತಾರೆ. ‘ನಿಮ್ಮಲ್ಲಿ ಮೇಂಟೆನೆನ್ಸ್‌ಗೆ ಹೊಸಬರನ್ನು ತೆಗೆದುಕೊಳ್ಳುವಾಗ ಏನು ನೋಡ್ತಾರೆ?’ ಎಂದು ಕೇಳು. ಉತ್ತರ ಬಂದರೆ ಅವರು ಹೇಳಿದ್ದನ್ನು ಮಾಡಿ, ಮಾಡಿದೆ ಎಂದು ತಿಳಿಸು. ರೆಫರಲ್ ಮಾತು, ಅಂದರೆ ತಮ್ಮ ಕಂಪನಿಗೆ ನಿನ್ನ ಹೆಸರು ಹೇಳುವ ಮಾತು, ಆಮೇಲೆ ತಾನಾಗಿ ಬರುತ್ತದೆ.

ನಿನ್ನ ಪ್ರೊಫೈಲ್ ಫೋಟೋ ಸುತ್ತ ಇರುವ ಆ ಹಸಿರು ‘ಓಪನ್ ಟು ವರ್ಕ್’ ಉಂಗುರ ಇವತ್ತೇ ತೆಗಿ. ನಿಮ್ಮ ಓನರ್ ನೋಡಿದರೆ? ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ಅದೂ ಪೂರ್ತಿ ಗುಟ್ಟಾಗಿರುತ್ತದೆ ಎಂಬ ಗ್ಯಾರಂಟಿ ಇಲ್ಲ, ಗೊತ್ತಿರಲಿ. ಕೆಲಸ ಕೊಡ್ತೀವಿ ಅಂತ ಯಾರಾದರೂ ರಿಜಿಸ್ಟ್ರೇಷನ್‌ಗೋ ಲ್ಯಾಪ್‌ಟಾಪ್‌ಗೋ ದುಡ್ಡು ಕೇಳಿದರೆ ಮೋಸವೇ, ಒಂದು ರೂಪಾಯಿ ಹಾಕಬೇಡ. ಹಾಕಿಬಿಟ್ಟಿದ್ದರೆ ನಾಚಿಕೊಳ್ಳದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಬೇರಿಂಗ್ ಕಥೆಯನ್ನು ಭಾನುವಾರದೊಳಗೆ ನನಗೆ ವಾಟ್ಸಾಪ್ ಮಾಡು. ಮೊದಲು ಊಟ ಮಾಡು, ಆಮೇಲೆ ಬರಿ.

ನಿನ್ನ ಚಿಕ್ಕಮ್ಮ